ಚಹಾದಲ್ಲಿ ನೆನೆದ ದ್ರಾಕ್ಷಿ: ಕಂತು ಏಳು

“ತಿನ್ನೇ ತಾಯಿ, ಒಂದೇ ಒಂದು ಚೂರು.”

ನೆಲ್ ಮುಖ ತಿರುಗಿಸಿದಳು.

ಬೇಯಿಸಿದ ಕೋಳಿಯ ಚೂರು ನನ್ನ ಬೆರಳ ತುದಿಯಲ್ಲಿತ್ತು. ಅವಳ ಮೂಗು ಅರಳುತ್ತಿತ್ತು, ಬಾಯಿಂದ ಜೊಲ್ಲು ಇಳಿದು ನೆಲದ ಮೇಲೆ ಹಾಸಿದ್ದ ಕಂಬಳಿ ಒದ್ದೆಯಾಗಿತ್ತು. ಹೊಟ್ಟೆ ಹಸಿದಿದೆ ಎಂದು ಹೇಳಲು ಪಶುವೈದ್ಯೆಯೇ ಬೇಕಿರಲಿಲ್ಲ. ಆದರೂ ಕತ್ತು ಮಾತ್ರ ಗೋಡೆಯ ಕಡೆಗೇ.

ಎರಡು ದಿನದಿಂದ ಡ್ರಿಪ್ಪಿನ ಮೇಲಿದ್ದ ಕುರಿ ಕಾಯುವ ನಾಯಿ ಇವಳು. ಹೋದ ವಾರ ಇದೇ ಕೋಣೆಯಲ್ಲಿ, ಹೀಗೆಯೇ ವಾಂತಿ ಮಾಡುತ್ತ, ಇವಳ ಒಡಹುಟ್ಟಿದ, ಇನ್ನೊಬ್ಬ ಕುರಿಗಾರ ಎಮ್ಲಿನ್ ಸಾಕಿದ್ದ ಮೋಟ್ ಸತ್ತಿದ್ದ. ಅವನ ಕಿಡ್ನಿ ಕೊನೆಯವರೆಗೂ ಒಂದು ಹನಿ ಮೂತ್ರ ಬಿಡಲಿಲ್ಲ. ನೆಲ್ ಗಟ್ಟಿಗಿತ್ತಿ. ಇವತ್ತು ಬೆಳಿಗ್ಗೆ ಆರಕ್ಕೆ ಕೊಳವೆಯಲ್ಲಿ ಮೂತ್ರ ಇಳಿದಾಗ, ಐವತ್ತಾರು ವಯಸ್ಸಿನ ನಾನು ಖಾಲಿ ಕೋಣೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ. ಇನ್ನು ಹೊಟ್ಟೆಗೆ ಒಂದಿಷ್ಟು ಬಿದ್ದರೆ ಬದುಕಿದಂತೆಯೇ.

ಇಬ್ಬರನ್ನೂ ಈ ಗತಿಗೆ ತಂದದ್ದು ಒಣದ್ರಾಕ್ಷಿ.

ನಗು ಬಂತೇ? ಬರಲಿ. ನಮ್ಮ ಕುಮ್ ಹೆಲಿಗ್ ಕಣಿವೆಯಲ್ಲೂ ಎಲ್ಲರೂ ನಕ್ಕಿದ್ದರು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ಹಾಕಬೇಡಿ, ಕಿಡ್ನಿ ಕೆಡುತ್ತದೆ ಎಂದು ಇಪ್ಪತ್ತು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. “ನಮ್ಮ ತಾತನ ನಾಯಿ ದಿನಾ ಬಾರಾ ಬ್ರಿತ್ ತಿಂದೇ ಹದಿನೈದು ವರ್ಷ ಬದುಕ್ತು ಡಾಕ್ಟ್ರೇ!” ಇದು ಒಬ್ಬರದಲ್ಲ, ಇಡೀ ಊರಿನ ಉತ್ತರ. ಬಾರಾ ಬ್ರಿತ್ ಅಂದರೆ ನಮ್ಮ ದ್ರಾಕ್ಷಿ ಬ್ರೆಡ್ಡು; ಟೀ ಜೊತೆಗೆ ಅದಿಲ್ಲದಿದ್ದರೆ ವೇಲ್ಸಿನಲ್ಲಿ ಮದುವೆಯೂ ನಡೆಯುವುದಿಲ್ಲ, ಹೆಣವೂ ಏಳುವುದಿಲ್ಲ. ನಿಜ, ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲ. ಕೆಲವು ಒಂದು ಹಿಡಿಗೇ ಸಾಯುತ್ತವೆ. ಯಾವುದು ಯಾವ ಜಾತಿಯದ್ದೆಂದು ಸತ್ತ ಮೇಲೇ ತಿಳಿಯುವುದು.

ಹೋದ ತಿಂಗಳು ತಡೆಯಲಾರದೆ ಒಂದು ಪಟ್ಟಿ ಬರೆದೆ. ದ್ರಾಕ್ಷಿ, ಒಣದ್ರಾಕ್ಷಿ, ಚೆರ್ರಿ ಬೀಜ, ಪ್ಲಮ್ ಬೀಜ, ಬೆಣ್ಣೆಹಣ್ಣು. ಯಾವುದು ಎಷ್ಟು ತಿಂದರೆ ಅಪಾಯ, ಎಷ್ಟು ಹೊತ್ತಿಗೆ ವಾಂತಿ, ಎಷ್ಟನೇ ದಿನಕ್ಕೆ ಸಾವು, ಎಲ್ಲವನ್ನೂ ಬಿಡಿಸಿ ಬರೆದೆ. ಸಮುದಾಯ ಭವನದ ಹಲಗೆಗೆ ಅಂಟಿಸಲು ನಮ್ಮ ಕಾನ್‌ಸ್ಟೇಬಲ್ ಹ್ಯೂ ಕೈಗೆ ಕೊಟ್ಟೆ. “ಇದನ್ನೆಲ್ಲ ಯಾರು ಓದ್ತಾರೆ ಡಾಕ್ಟ್ರೇ?” ಎಂದು ಅವನೂ ನಕ್ಕ. ಎರಡೇ ದಿನದಲ್ಲಿ ಅದರ ಮೇಲೆ ಹೌಸಿ ಆಟದ ಜಾಹೀರಾತು ಬಂದು ಕೂತಿತು.

ಆದರೆ ಯಾರೋ ಒಬ್ಬರು ಓದಿದ್ದರು. ಅಕ್ಷರ ಬಿಡದೆ ಓದಿದ್ದರು. ನಾಯಿ ಉಳಿಸಲು ನಾನು ಬರೆದದ್ದನ್ನು ನಾಯಿ ಕೊಲ್ಲಲು ಬಳಸಿದರಲ್ಲ, ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

“ಸುಮ್ನೆ ಯಾಕೆ ಒದ್ದಾಡ್ತೀರಿ? ನಿಮ್ಮ ಕೈಯಿಂದ ಅವಳು ತಿನ್ನಲ್ಲ.”

ಬಾಗಿಲಲ್ಲಿ ಇದ್ವಾಲ್ ನಿಂತಿದ್ದ. ನೆಲ್‌ಳ ಯಜಮಾನ. ಅರವತ್ತೈದರ ಕುರಿಗಾರ, ಎರಡು ದಿನದಿಂದ ನನ್ನ ವರಾಂಡದ ಬೆಂಚಿನ ಮೇಲೇ ಇದ್ದವನು. ಅವನನ್ನು ನೋಡಿದರೆ ನೆಲ್ ಡ್ರಿಪ್ ಕಿತ್ತುಕೊಂಡು ಎದ್ದುಬಿಡುತ್ತಾಳೆಂದು ಒಳಗೆ ಬಿಟ್ಟಿರಲಿಲ್ಲ.

“ಅಂದ್ರೆ?”

“ಕಲಿಸಿದ್ದೀನಿ. ಕುರಿ ಅಟ್ಟೋ ಪಂದ್ಯದ ನಾಯಿ ಕಂಡೋರ ಕೈಯಿಂದ ತಿನ್ನಬಾರ್ದು. ನೆಲಕ್ಕೆ ಬಿದ್ದದ್ದು ಮೂಸಬಾರ್ದು. ನಮ್ಮಪ್ಪನೂ ಹಂಗೇ ಕಲಿಸ್ತಿದ್ದ. ನಾಕು ವರ್ಷದಿಂದ ನನ್ನ ಹೆಂಡ್ತಿ ಮಾಂಸ ಹಿಡಿದ್ರೂ ಇವಳು ಆಕಾಶ ನೋಡ್ತಾಳೆ.”

“ಎರಡು ದಿನ ಇಲ್ಲೇ ಕೂತಿದ್ದು ಈಗ ಹೇಳ್ತಿದ್ದೀರಾ ಮಾರಾಯ್ರೇ?”

“ನೀವು ಕೇಳ್ಲಿಲ್ವಲ್ಲ.”

ಏನು ಮಾಡಲಿ ಇಂಥವರನ್ನು? ಕೋಳಿಯ ಚೂರನ್ನು ಅವನ ಕೈಗೆ ತುರುಕಿದೆ. ಇದ್ವಾಲ್ ಮೊಣಕಾಲೂರಿ ಕೂತು ಅಂಗೈ ಚಾಚಿದ. ನೆಲ್ ಒಮ್ಮೆ ನರಳಿದಳು. ಮೆಲ್ಲಗೆ ತೆಗೆದುಕೊಂಡಳು, ನುಂಗಿದಳು, ಇನ್ನೊಂದಕ್ಕೆ ಅವನ ಬೆರಳು ನೆಕ್ಕಿದಳು.

ಇದ್ವಾಲ್ ತೋಳಿನಿಂದ ಕಣ್ಣೊರೆಸಿಕೊಂಡ. ನಾನು ಇನ್ನೊಂದು ಚೂರು ಅವನ ಕೈಗಿಟ್ಟೆ. ಅಷ್ಟರಲ್ಲೇ ತಲೆಯಲ್ಲಿ ಇನ್ನೊಂದು ಮಾತು ಹೊಳೆದು, ಖುಷಿಯೆಲ್ಲ ಇಳಿದುಹೋಯಿತು.

ಇವಳು ತಿನ್ನುವುದು ಒಬ್ಬನ ಕೈಯಿಂದ. ಹಾಗಾದರೆ ದ್ರಾಕ್ಷಿ?

ನನ್ನ ಮುಖ ನೋಡಿದ್ದೇ ಇದ್ವಾಲ್‌ಗೆ ಅರ್ಥವಾಯಿತು. ಮೆಲ್ಲಗೆ ಎದ್ದು ನಿಂತ.

“ಹೇಳಿಬಿಡಿ ಡಾಕ್ಟ್ರೇ. ಬಾಯಿಬಿಟ್ಟು ಹೇಳಿ. ನಾನೇ ಕೊಟ್ಟೆ ಅಂತೀರಾ?”

“ನಾನು ಏನೂ ಅಂದಿಲ್ಲ.”

“ಊರು ಅಂತಿದೆ! ಮೊದ್ಲು ಎಮ್ಲಿನ್‌ನ ಮೋಟ್‌ಗೆ ಹಾಕಿದ, ಆಮೇಲೆ ಯಾರಿಗೂ ಅನುಮಾನ ಬರಬಾರ್ದು ಅಂತ ತನ್ನ ನಾಯಿಗೂ ಹಾಕಿದ ಅಂತ. ಪೊಲೀಸಪ್ಪನೂ ಅದನ್ನೇ ಅಂತಾನೆ. ನಾಕು ಗಂಟೆಗೆ ಕಾಗದ ತರ್ತಾನಂತೆ. ನೀವು ಸಹಿ ಹಾಕಿದ್ರೆ ನೆಲ್‌ನ ನನ್ನಿಂದ ಕಿತ್ಕೊಂಡು ಹೋಗ್ತಾರೆ. ಪಂದ್ಯದ ಪಟ್ಟಿಯಿಂದ ನನ್ನ ಹೆಸರು ಹೊಡೀತಾರೆ. ಇವಳಿಲ್ದೆ ಬೆಟ್ಟದ ಕುರಿ ಇಳಿಸೋರು ಯಾರು? ನಾನಾ, ಈ ಮಂಡಿ ಇಟ್ಕೊಂಡು?”

ಹ್ಯೂ ಮಧ್ಯಾಹ್ನ ಫೋನು ಮಾಡಿದ್ದ. “ನಾಯಿ ಅಂದ್ರೆ ಕಾನೂನಿನ ಪ್ರಕಾರ ಒಂದು ಸಾಮಾನು ಡಾಕ್ಟ್ರೇ. ಯಜಮಾನನ ಅಜಾಗರೂಕತೆ ಅಂತ ಬರೆದು ಮುಗಿಸೋಣ. ಶನಿವಾರ ಪಂದ್ಯ ಇದೆ, ಊರಲ್ಲಿ ಸುಮ್ನೆ ರಂಪ ಬೇಡ” ಎಂದಿದ್ದ. ರಂಪ ಬೇಡವಂತೆ! ಒಂದು ಜೀವ ಸತ್ತು ಇನ್ನೊಂದು ಸಾವಿನೊಡನೆ ಹೆಣಗುತ್ತಿರುವಾಗ ತಿಪ್ಪೆ ಸಾರಿಸುವ ಮಾತು.

ಗೋಡೆಯ ಗಡಿಯಾರ ನೋಡಿದೆ. ಮೂರೂ ಕಾಲು.

“ಕೂತ್ಕೊಳ್ಳಿ ಇದ್ವಾಲ್. ಮೋಟ್‌ಗೂ ಇದೇ ಪಾಠ ಆಗಿತ್ತಾ?”

“ಆಗದೆ? ನಾನೂ ಎಮ್ಲಿನ್ನೂ ಎರಡು ವರ್ಷದಿಂದ ಮುಖ ನೋಡಲ್ಲ, ಆದ್ರೆ ಸುಳ್ಳು ಹೇಳಲ್ಲ. ಮೋಟ್ ಎಮ್ಲಿನ್ ಕೈ ಬಿಟ್ಟು ಬೇರೆ ಕೈ ಮುಟ್ತಿರಲಿಲ್ಲ. ನಾನೇ ಪಂದ್ಯದಲ್ಲಿ ಕಣ್ಣಾರೆ ನೋಡಿದ್ದೀನಿ.”

“ಹಾಗಿದ್ರೆ ಮೋಟ್‌ಗೆ ನೀವು ಹಾಕೋಕಾಗಲ್ಲ. ನೆಲ್‌ಗೆ ಎಮ್ಲಿನ್ ಹಾಕೋಕಾಗಲ್ಲ. ಇಬ್ಬರೂ ಅವರವರ ನಾಯಿಗೆ ಅವರವರೇ ವಿಷ ಹಾಕೋ ಅಷ್ಟು ಹುಚ್ಚರಲ್ಲ. ಅಂದ್ಮೇಲೆ?”

ಇದ್ವಾಲ್ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಎರಡೂ ನಾಯಿ ನಂಬೋ ಇನ್ನೊಂದು ಕೈ ಇದೆ ಅಂತೀರಾ?”

“ನೀವು ಕಲಿಸೋದಕ್ಕೂ ಮುಂಚೆ ಅವು ತಿಂದ ಕೈ. ಇವು ಮರಿಗಳಾಗಿದ್ದಾಗ ಎಲ್ಲಿದ್ವು?”

“ತೆಗ್ವೆನಕ್ಕನ ಮನೇಲಿ. ತಾಯಿನಾಯಿ ಮೂರನೇ ದಿನಕ್ಕೇ ಸತ್ತುಹೋಯ್ತು. ಒಲೆ ಪಕ್ಕ ಪೆಟ್ಟಿಗೇಲಿಟ್ಟು ಬಾಟಲಿ ಹಾಲಲ್ಲೇ ಸಾಕಿದ್ರು. ಎರಡೂವರೆ ತಿಂಗಳಾದ್ಮೇಲೆ ನಾವು ತಂದ್ವಿ.”

ನಾನು ಫ್ರಿಜ್ ತೆರೆದು ಗಾಜಿನ ಜಾಡಿ ಹೊರಗೆ ತೆಗೆದೆ.

ಮಂಗಳವಾರ ನೆಲ್‌ಗೆ ಔಷಧಿ ಕೊಟ್ಟು ವಾಂತಿ ಮಾಡಿಸಿದಾಗ ಬಂದದ್ದು ಅದರಲ್ಲಿತ್ತು. ಹೆಬ್ಬೆರಳ ಉಗುರಿನಷ್ಟು ದಪ್ಪಕ್ಕೆ ಊದಿದ ಕಪ್ಪು ದ್ರಾಕ್ಷಿ. ಒಣಗಿದ್ದಲ್ಲ, ನೆನೆದದ್ದು. ಎರಡು ದಿನವಾದರೂ ಕಡು ಚಹಾದ ವಾಸನೆ ಹೋಗಿರಲಿಲ್ಲ. ಹಿಟ್ಟಿನ ಒಂದು ಕಣವೂ ಇರಲಿಲ್ಲ. ಅಂದರೆ ಯಾರೂ ಬ್ರೆಡ್ಡಿನ ಚೂರು ಎಸೆದಿರಲಿಲ್ಲ. ಬ್ರೆಡ್ಡಿಗೆಂದು ರಾತ್ರಿಯಿಡೀ ಚಹಾದಲ್ಲಿ ನೆನೆಹಾಕಿದ ಹಣ್ಣನ್ನು, ಬೇಯಿಸುವ ಮೊದಲೇ, ಬಟ್ಟಲಿನಿಂದ ಮೊಗೆದು ತಂದಿದ್ದರು.

ಅದರ ನಡುವೆ ಕಿತ್ತಳೆ ಸಿಪ್ಪೆ, ಬೆಂಕಿಕಡ್ಡಿಯಂತೆ ಸಣ್ಣಗೆ, ಉದ್ದಕ್ಕೆ ಚಾಕುವಿನಲ್ಲಿ ಕೊಯ್ದದ್ದು. ನಮ್ಮೂರಲ್ಲಿ ಎಲ್ಲರೂ ಸಿಪ್ಪೆಯನ್ನು ತುರಿಯುತ್ತಾರೆ. ಕೊಯ್ಯುವಷ್ಟು ತಾಳ್ಮೆ ಒಬ್ಬರಿಗೇ.

ಆ ಒಬ್ಬರಿಗೆ ಫೋನು ಮಾಡಬೇಕೆನ್ನುವಷ್ಟರಲ್ಲಿ ಹೊರಬಾಗಿಲ ಗಂಟೆ ಸದ್ದುಮಾಡಿತು.

“ಇದ್ವಾಲ್ ಇಲ್ಲೇ ಇದ್ದಾನಾ? ಎರಡು ದಿನದಿಂದ ಏನೂ ತಿಂದಿಲ್ಲ ಅಂದ್ರು, ಒಂದು ಬ್ರೆಡ್ಡು ತಂದೆ ಕಣೇ.”

ತೆಗ್ವೆನ್ ಆಂಟಿ. ಎಪ್ಪತ್ತೆಂಟರ ಪುಟ್ಟ ದೇಹ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಚೌಕಳಿ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು. ಪಂದ್ಯದ ದಿನ ಟೀ ಡೇರೆಯ ಯಜಮಾನಿಕೆ ಮೂವತ್ತು ವರ್ಷದಿಂದ ಈಕೆಯದೇ. ನನಗೆ ಇಪ್ಪತ್ತಾರಿದ್ದಾಗ, ಈ ಊರಿಗೆ ಬಂದ ಮೊದಲ ಚಳಿಗಾಲ, ಜ್ವರದಲ್ಲಿ ಮಲಗಿದ್ದ ನನಗೆ ಗಂಜಿ ಕಾಸಿಕೊಟ್ಟವಳೂ ಈಕೆಯೇ. ಅದೆಲ್ಲ ನೆನಪಾಗಬಾರದ ಹೊತ್ತಿನಲ್ಲಿ ನೆನಪಾಯಿತು.

ಬ್ರೆಡ್ಡನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟೆ. ಒಂದು ಹೋಳು ಕತ್ತರಿಸಿದೆ. ಪಕ್ಕದಲ್ಲಿ ಜಾಡಿ ಇಟ್ಟೆ.

“ಆಂಟಿ, ಈ ಸಿಪ್ಪೆ ನೋಡಿ. ಆ ಸಿಪ್ಪೆ ನೋಡಿ.”

ಆಕೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

“ಏನೇ ಇದು ಜಾಡೀಲಿ? ಥೂ!”

“ನೆಲ್ ಹೊಟ್ಟೇಲಿದ್ದದ್ದು.”

ಆಕೆ ನೆಟ್ಟಗಾದಳು. ಆಮೇಲೆ ಊರುಗೋಲು ನೆಲಕ್ಕೆ ಕುಟ್ಟಿದ ಸದ್ದಿಗೆ ನೆಲ್ ಕೂಡ ಕಿವಿ ನಿಮಿರಿಸಿದಳು.

“ಏ ಮೆರೆರಿದ್, ನಾಲಿಗೆ ಬಿಗಿ ಹಿಡಿ. ಮೂವತ್ತು ವರ್ಷ ನನ್ನ ಕೈಯಡಿಗೆ ತಿಂದು ಈಗ ನನ್ನ ಬ್ರೆಡ್ಡಿನ ಮೇಲೆ ಅಪವಾದ ಹೊರಿಸ್ತೀಯಾ?”

“ಬ್ರೆಡ್ಡಿನ ಮೇಲಲ್ಲ. ನಿಮ್ಮ ಬಟ್ಟಲಿನ ಮೇಲೆ. ಪಂದ್ಯಕ್ಕೆ ಅಂತ ಹಣ್ಣು ಯಾವತ್ತಿನಿಂದ ನೆನೆಹಾಕ್ತಿದ್ದೀರಿ?”

“ಹೋದ ವಾರದಿಂದ. ಇಪ್ಪತ್ತು ಬ್ರೆಡ್ಡು ಒಂದೇ ದಿನ ಆಗುತ್ತಾ? ನೀನು ಬಂದು ಮಾಡ್ಕೊಡ್ತೀಯಾ?”

“ಬಟ್ಟಲಲ್ಲಿ ಹಣ್ಣು ಕಡಿಮೆಯಾಗಿತ್ತಾ?”

ಆಕೆ ಕನ್ನಡಕ ತೆಗೆದು ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು.

“ಆಂಟಿ, ಕೇಳ್ತಿದ್ದೀನಿ.”

“ಎರಡು ಸಲ,” ಎಂದಳು ಕೊನೆಗೆ. “ಮೇಲೆ ಹಾಸಿದ್ದ ಬಟ್ಟೆ ಸೊಟ್ಟಗಿತ್ತು. ಇಲಿ ಅಂದ್ಕೊಂಡೆ.”

“ಇಲಿ ಬಟ್ಟೆ ತೆಗೆದು ತಿಂದು ಮತ್ತೆ ಮುಚ್ಚಿಟ್ಟು ಹೋಗುತ್ತಾ?”

ಇದ್ವಾಲ್ ಇದುವರೆಗೂ ಗೋಡೆಗೊರಗಿ ನಿಂತಿದ್ದ. ಈಗ ಅವನ ದನಿ ನಡುಗುತ್ತಿತ್ತು. “ತೆಗ್ವೆನಕ್ಕಾ, ನೀನು ಸಾಕಿದ ಮರಿಗಳು ಕಣಕ್ಕಾ. ನಿನ್ನ ಒಲೆ ಪಕ್ಕದವು. ಹೆಂಗೆ ಮನಸ್ಸು ಬಂತು?”

“ಬಾಯ್ಮುಚ್ಚೋ! ನಾನು ಯಾವ ನಾಯಿಗೂ ಏನೂ ಹಾಕಿಲ್ಲ. ದೇವರ ಮುಂದೆ ಬೇಕಾದ್ರೂ ಹೇಳ್ತೀನಿ.”

“ದೇವರು ಬೇಡ. ನೆಲ್ ಮುಂದೆ ಸಾಕು,” ಎಂದು ನಾನು ಕೋಳಿಯ ಚೂರೊಂದನ್ನು ಆಕೆಯ ಅಂಗೈಯಲ್ಲಿಟ್ಟೆ.

ಹೇಳಬಾರದು, ಆ ಕ್ಷಣ ನನಗೆ ಒಳಗೊಳಗೇ ಗೆದ್ದೆ ಎನಿಸಿತ್ತು. ಇನ್ನೇನು ನೆಲ್ ಕತ್ತು ಚಾಚುತ್ತಾಳೆ, ನಾಟಕ ಮುಗಿಯುತ್ತದೆ. ತೆಗ್ವೆನ್ ಕಷ್ಟಪಟ್ಟು ಬಗ್ಗಿದಳು. ಗಂಟು ಬಿದ್ದ ಬೆರಳುಗಳು ಅದುರುತ್ತಿದ್ದವು.

“ಬಾ ಕೂಸೇ. ತಿನ್ನು.”

ನೆಲ್ ಮೂಸಿದಳು. ಮುಖ ತಿರುಗಿಸಿದಳು.

ಇನ್ನೊಂದು ಸಲ ಹಿಡಿಸಿದೆ. ಆಗಲೂ ಹಾಗೆಯೇ, ಕತ್ತು ಗೋಡೆಯ ಕಡೆಗೆ.

ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ತೆಗ್ವೆನ್ ಕಣ್ಣಲ್ಲಿ ನೀರು ತುಂಬಿತ್ತು. ಅಪವಾದ ತಪ್ಪಿತೆಂಬ ಸಮಾಧಾನ ಅಲ್ಲಿರಲಿಲ್ಲ. ನಾಯಿ ತನ್ನನ್ನು ಒಲ್ಲೆ ಎಂದಿತಲ್ಲ ಎಂಬ ನೋವೂ ಅದಲ್ಲ. ಆಕೆ ನನಗಿಂತ ಮುಂದಿನದನ್ನು ಯೋಚಿಸುತ್ತಿದ್ದಳು. ಅದು ನನಗೆ ತಡವಾಗಿ ಹೊಳೆಯಿತು.

“ಆಂಟಿ,” ಎಂದೆ, ದನಿ ತಗ್ಗಿಸಿ. “ಮರಿಗಳಿಗೆ ಬಾಟಲಿ ಹಿಡೀತಿದ್ದೋರು ನೀವಲ್ವಾ?”

“ಹಾಲು ಕಾಸ್ತಿದ್ದೆ. ನನ್ನ ಕೈ ನಡುಗುತ್ತೆ ಕಣೇ, ಆಗ್ಲೂ ನಡುಗ್ತಿತ್ತು. ಹಲಗೆ ಮೇಲೆ ಊರಿ ಸಿಪ್ಪೆ ಕೊಯ್ಯಬಹುದು, ಬಾಟಲಿ ಎತ್ತಿ ಹಿಡಿದ್ರೆ ನಿಲ್ತಿರಲಿಲ್ಲ.”

“ಮತ್ತೆ ಯಾರು ಹಿಡೀತಿದ್ರು?”

ಆಕೆ ಬ್ರೆಡ್ಡಿನ ಬಟ್ಟೆಯನ್ನು ಮತ್ತೆ ಸುತ್ತತೊಡಗಿದಳು.

“ಮೂರು ಮರಿ ಬದುಕಿದ್ವು,” ಎಂದ ಇದ್ವಾಲ್, ತನಗೇ ಹೇಳಿಕೊಳ್ಳುವಂತೆ. “ಮೋಟ್ ಎಮ್ಲಿನ್‌ಗೆ. ನೆಲ್ ನನಗೆ. ಕ್ಯಾಪ್ ಅವರ ಮನೇಲೇ ಉಳ್ಕೊಂಡ. ಪ್ರತಿ ವರ್ಷ ಪಂದ್ಯದಲ್ಲಿ ಮೂರನೆಯವನಾಗಿ ಬರ್ತಾನೆ. ಜಿಲ್ಲೆಯ ಕೌಂಟಿ ಪಂದ್ಯಕ್ಕೆ ಕಣಿವೆಯಿಂದ ಆರಿಸೋದು ಎರಡೇ ನಾಯಿ...”

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಜಲ್ಲಿಯ ಮೇಲೆ ಬೂಟಿನ ಹೆಜ್ಜೆ.

ನೆಲ್‌ಳ ಬಾಲ ಕಂಬಳಿಗೆ ಬಡಿಯಿತು. ಒಂದು ಸಲ, ಎರಡು ಸಲ, ಆಮೇಲೆ ಬಿಡದೆ.

ಬಾಗಿಲು ಇನ್ನೂ ತೆರೆದಿರಲಿಲ್ಲ.

“ನಮಸ್ಕಾರ ಡಾಕ್ಟ್ರೇ, ನಾಕಕ್ಕೆ ಅಂದಿದ್ದೆ, ಐದು ನಿಮಿಷ ಮುಂಚೇನೇ ಬಂದೆ. ಅರೆ ಅಮ್ಮ, ನೀನೇನು ಇಲ್ಲಿ?” ಕಾನ್‌ಸ್ಟೇಬಲ್ ಹ್ಯೂ ನಗುತ್ತ ಒಳಗೆ ಬಂದ. ನಲವತ್ತರ ಗಂಡಸು, ಇಸ್ತ್ರಿ ಮಾಡಿದ ಸಮವಸ್ತ್ರ, ಕಂಕುಳಲ್ಲಿ ಕಾಗದ ಸಿಕ್ಕಿಸಿದ ಹಲಗೆ. ತೆಗ್ವೆನ್‌ಳ ಒಬ್ಬನೇ ಮಗ, ಕ್ಯಾಪ್‌ನ ಯಜಮಾನ.

ನೆಲ್ ಏಳಲು ನೋಡಿದಳು. ಎರಡು ದಿನ ಎದ್ದಿರದ ನಾಯಿ ಡ್ರಿಪ್ಪಿನ ಕೊಳವೆಯನ್ನು ಎಳೆದುಕೊಂಡೇ, ಹೊಟ್ಟೆ ನೆಲಕ್ಕೆ ಉಜ್ಜಿಕೊಂಡು ತೆವಳಿ ಹೋಗಿ ಅವನ ಬೂಟಿನ ಮೇಲೆ ಗದ್ದ ಇಟ್ಟಳು.

“ಓಹೋ, ಹುಷಾರಾಗ್ತಿದ್ದಾಳೆ,” ಎಂದ ಹ್ಯೂ. ಬಗ್ಗಿ ತಲೆ ನೇವರಿಸಲಿಲ್ಲ. ಅದನ್ನೂ ನೋಡಿಕೊಂಡೆ.

“ಹ್ಯೂ, ಇದನ್ನ ಸ್ವಲ್ಪ ಹಿಡ್ಕೋ.”

“ಏನಿದು? ಕೋಳಿನಾ? ಡ್ಯೂಟಿಯಲ್ಲಿದ್ದೀನಿ ಡಾಕ್ಟ್ರೇ. ಕೈ ಕೊಳೆಯಾಗುತ್ತೆ.”

“ಕೊಳೆ ತೊಳ್ಕೋಬಹುದು. ಹಿಡ್ಕೋ.”

ಅವನು ತಾಯಿಯ ಕಡೆ ನೋಡಿದ. ಇದ್ವಾಲ್ ಮೆಲ್ಲಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ನಾನು ಹ್ಯೂನ ಮಣಿಕಟ್ಟು ಹಿಡಿದು ಅಂಗೈ ಬಿಡಿಸಿ ಚೂರನ್ನು ಇಟ್ಟೆ. ಅವನು ಕೈ ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ನೆಲ್ ತಿಂದಿದ್ದಳು. ತಿಂದು ಅವನ ಬೆರಳನ್ನು ಒಂದೊಂದಾಗಿ ನೆಕ್ಕುತ್ತಿದ್ದಳು, ಮರಿಯಾಗಿದ್ದಾಗ ಬಾಟಲಿ ಹಿಡಿದ ಬೆರಳುಗಳನ್ನು.

ಎಂಥ ಪ್ರಾಣಿಯಪ್ಪಾ ಇದು! ವಿಷ ಹಾಕಿದ ಕೈಯ ಮೇಲೂ ಅನುಮಾನ ಬಾರದ ಪ್ರಾಣಿ. ಇದರ ನಂಬಿಕೆಯನ್ನೇ ಹಿಡಿದು ಇದನ್ನು ಕೊಲ್ಲಹೊರಟವನು ಮನುಷ್ಯನಾ? ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಯ ಕೈಗೇ ನನ್ನ ಪಟ್ಟಿ ಕೊಟ್ಟಿದ್ದೆ.

“ಇದರಲ್ಲೇನಿದೆ?” ಹ್ಯೂ ಕರವಸ್ತ್ರದಲ್ಲಿ ಕೈ ಒರೆಸಿಕೊಂಡ. “ಹಸಿದ ನಾಯಿ ಯಾರ ಕೈಯಿಂದಾದ್ರೂ ತಿನ್ನುತ್ತೆ.”

“ತಿನ್ನಲ್ಲ. ನನ್ನ ಕೈಯಿಂದ ತಿನ್ನಲಿಲ್ಲ. ನಿಮ್ಮಮ್ಮನ ಕೈಯಿಂದ ತಿನ್ನಲಿಲ್ಲ. ಮೋಟೂ ಹೀಗೇ ಬಾಲ ಅಲ್ಲಾಡಿಸ್ಕೊಂಡು ಬಂದಿದ್ನಾ ಹ್ಯೂ? ಅವನೂ ಬೆರಳು ನೆಕ್ಕಿದ್ನಾ?”

ಅವನ ನಗು ಹೋಗಿರಲಿಲ್ಲ. ಕಣ್ಣು ಮಾತ್ರ ಮೇಜಿನ ಮೇಲಿದ್ದ ಜಾಡಿಯ ಮೇಲೆ ನಿಂತಿತ್ತು.

“ಬಾಯಿಗೆ ಬಂದಂಗೆ ಮಾತಾಡ್ಬೇಡಿ ಡಾಕ್ಟ್ರೇ. ನಾಯಿ ಬಾಲ ಸಾಕ್ಷಿ ಹೇಳುತ್ತೆ ಅಂತ ಯಾವ ಕೋರ್ಟಲ್ಲಿ...”

“ನಾನು ಹಾಕಿದ್ದು.”

ತೆಗ್ವೆನ್ ಎದ್ದು ನಿಂತಿದ್ದಳು. ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ದನಿ ಮಾತ್ರ ನಡುಗುತ್ತಿರಲಿಲ್ಲ.

“ಆಂಟಿ! ಏನು ಹೇಳ್ತಿದ್ದೀರಿ? ಈಗಷ್ಟೇ ಇದೇ ಕೋಣೇಲಿ...”

“ನೀನು ಸುಮ್ನಿರು. ನನ್ನ ಬಟ್ಟಲು, ನನ್ನ ಹಣ್ಣು, ನನ್ನ ಸಿಪ್ಪೆ. ನೀನೇ ಹೇಳಿದ್ಯಲ್ಲ. ನಾನೇ ಕೊಟ್ಟೆ, ನನ್ನ ಕೈಯ್ಯಾರೆ. ಎರಡಕ್ಕೂ. ಬರ್ಕೊಳೋ ಮಗನೇ.”

“ತೆಗ್ವೆನಕ್ಕಾ!” ಇದ್ವಾಲ್ ಕೂಗಿದ. “ಅವಳು ನಿನ್ನ ಕೈ ಮುಟ್ಟಲಿಲ್ಲ, ನಾವು ಕಣ್ಣಾರೆ ನೋಡಿದ್ವಿ!”

“ಯಾರು ನಂಬ್ತಾರೋ? ನೀನು ಅಪರಾಧಿ ಅಂತ ಊರೆಲ್ಲ ಹೇಳ್ತಿದೆ. ಇವಳು ನಾಯಿ ಮಾತು ಕೇಳೋ ಡಾಕ್ಟರು.” ಆಕೆ ಮಗನ ಕಡೆ ತಿರುಗಿದಳು. ಅಲ್ಲಿ ಮೊದಲ ಬಾರಿ ದನಿ ಒಡೆಯಿತು. “ಬರ್ಕೊ ಹ್ಯೂ.”

ನಾನು ಹ್ಯೂನ ಮುಖವನ್ನೇ ನೋಡುತ್ತಿದ್ದೆ. ಈಗಾದರೂ ಬಾಯಿ ಬಿಡುತ್ತಾನೆ, ಬಿಡಲೇಬೇಕು ಎಂದುಕೊಂಡೆ. ಎಷ್ಟಾದರೂ ಹೆತ್ತವಳು. ಎಪ್ಪತ್ತೆಂಟು ವರ್ಷದವಳು.

ಹ್ಯೂ ಕಂಕುಳಿನ ಹಲಗೆಯನ್ನು ತೆಗೆದು ಮುಂಗೈ ಮೇಲಿಟ್ಟುಕೊಂಡ. ಮೊದಲೇ ಬರೆದು ತಂದಿದ್ದ ಕಾಗದದಲ್ಲಿ ಇದ್ವಾಲ್‌ನ ಹೆಸರಿನ ಮೇಲೆ ಒಂದು ಗೆರೆ ಎಳೆದ. ಅದರ ಕೆಳಗೆ ತನ್ನ ತಾಯಿಯ ಹೆಸರು ಬರೆದ. ಅಕ್ಷರ ಒಂದೂ ಸೊಟ್ಟಗಾಗಲಿಲ್ಲ.

“ಇಲ್ಲಿ ಸಹಿ ಹಾಕು ಅಮ್ಮ,” ಎಂದು ಪೆನ್ನು ಚಾಚಿದ.

ನೆಲ್ ಇನ್ನೂ ಅವನ ಬೂಟಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಬಾಲ ಆಡುತ್ತಲೇ ಇತ್ತು.